ಮೂರು ಊರಿನ ಲಿಯಾಂಗ್

ಆ ಸೋಮವಾರದ ವಿಡಿಯೊ ಕರೆಯಲ್ಲಿ ಒಂಬತ್ತು ಮುಖಗಳಿದ್ದವು. ನನ್ನದು ಕೆಳಸಾಲಿನ ಮೂಲೆಯಲ್ಲಿ. ಅಡಿಲೇಡಿನ ಚೀನೀ ಗಿಡಮೂಲಿಕೆ ಅಂಗಡಿಯ ವೈದ್ಯೆ ಮಾತಾಡುತ್ತಿದ್ದರು. ಅವರ ಹತ್ತಿರ ಬರುವ ನಿವೃತ್ತ ಬಸ್ ಚಾಲಕರೊಬ್ಬರಿಗೆ ಎರಡು ವಾರ ಕಷಾಯ ಕುಡಿದ ಮೇಲೆ ಪಾದಗಳೆರಡೂ ಊದಿಕೊಂಡು ರಕ್ತದೊತ್ತಡ ಏರಿತ್ತು. ಹುಡುಕುತ್ತಾ ಹೋದರೆ ಕಾರಣ, ಅಂಥ ಮೂರು ಅಂಗಡಿಗಳಿಗೆಂದು ನಾವು ಮಾಡಿ ಮೊದಲು ಅಲ್ಲಿ ಶುರುಮಾಡಿದ್ದ ಸಾಫ್ಟ್‌ವೇರಿನಲ್ಲಿ ಸಿಕ್ಕಿತು. ಪೊಟ್ಟಣಕ್ಕೆ ಆರು ಗ್ರಾಂ ಅತಿಮಧುರದ ಬೇರು ಹಾಕಬೇಕಾದ ಕಡೆ ಅದು ಹತ್ತು ಗ್ರಾಂ ಎಂದು ಲೇಬಲ್ ಮುದ್ರಿಸಿ ಕೊಡುತ್ತಿತ್ತು. ಉಳಿದ ಬೇರು, ತೊಗಟೆಗಳೂ ಅದೇ ಅಳತೆಯಲ್ಲಿ ಉಬ್ಬಿದ್ದವು. ವೈದ್ಯೆಗೆ ಅನುಮಾನ ಬಂದದ್ದು ಅಂಕಿ ನೋಡಿ ಅಲ್ಲ. ಮೂವತ್ತು ವರ್ಷದಿಂದ ಒಂದೇ ಅಳತೆಯ ಕಾಗದದಲ್ಲಿ ಕಟ್ಟುತ್ತಿದ್ದ ಪೊಟ್ಟಣ, ಆವತ್ತು ಮಡಚಲಿಕ್ಕೇ ಬರಲಿಲ್ಲವಂತೆ.

ತೂಕದ ಪರಿವರ್ತನೆಯ ಪಟ್ಟಿ ಮಾಡಿದವರು ಯಾರು ಎಂದು ನಮ್ಮ ಮ್ಯಾನೇಜರ್ ಕೇಳಿದರು. ಟೀಮ್ ಲೀಡ್ ಒಂದು ಗಳಿಗೆಯೂ ತಡೆಯದೆ ನನ್ನ ಹೆಸರು ಹೇಳಿದ. ಅಪ್‌ಲೋಡ್ ಮಾಡಿದ್ದೂ ನಾನೇ ಎಂದು ದಾಖಲೆ ತೆರೆದು ತೋರಿಸಿದ. ದಾಖಲೆಯಲ್ಲಿ ನನ್ನ ಹೆಸರಿತ್ತು, ನಿಜ.

ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಆ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ಅವನು ಬೆಂಗಳೂರಿನವನು, ನನಗಿಂತ ಎಂಟು ವರ್ಷ ಚಿಕ್ಕವನು. ಕರೆ ಮುಗಿದ ಮೇಲೆ ನನ್ನ ಮೇಜಿಗೆ ಒರಗಿ ನಿಂತು ದನಿ ತಗ್ಗಿಸಿದ.

"ಅಕ್ಕ, ನೀವು ಟೆನ್ಷನ್ ತಗೋಬೇಡಿ. ನಾನು ಮ್ಯಾನೇಜ್ ಮಾಡ್ತೀನಿ. ನಿಮ್ಮ ಏಜಲ್ಲಿ ಇಂಥ ಸ್ಲಿಪ್ಸ್ ಆಗತ್ತೆ."

ಮೈಯೆಲ್ಲ ಉರಿದುಹೋಯಿತು. ಇವನನ್ನು ಇದೇ ಒಂಬತ್ತು ಜನರ ಮುಂದೆ ಹೀಗೇ ಕೂರಿಸುತ್ತೇನೆ ಎಂದು ಆಗಲೇ ನಿಶ್ಚಯ ಮಾಡಿಕೊಂಡೆ. ನಾನು ಸ್ವಭಾವತಃ ಜಗಳಗಂಟಿಯಲ್ಲ. ಆಫೀಸಿನಲ್ಲಿ ಯಾರಿಗೆ ಜ್ವರ ಬಂದರೂ ಸಾರು ಅನ್ನ ಕಟ್ಟಿಕೊಂಡು ಹೋಗುವವಳು. ಅವನಿಗೂ ಕಟ್ಟಿಕೊಂಡು ಹೋಗಿದ್ದೆ. ಅದು ನೆನಪಾಗಿ ಇನ್ನಷ್ಟು ಉರಿಯಿತು.

ಪಟ್ಟಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಚೀನಾದ ಹಳೆಯ ತೂಕಗಳಲ್ಲಿ ದೊಡ್ಡದು ಜಿನ್. ಹದಿನಾರು ಲಿಯಾಂಗ್ ಸೇರಿದರೆ ಒಂದು ಜಿನ್, ಹದಿನಾರಾಣೆ ಸೇರಿದರೆ ರೂಪಾಯಿ ಆಗುತ್ತಿದ್ದ ಹಾಗೆ. ಲಿಯಾಂಗಿನ ಹತ್ತನೆಯ ಒಂದು ಪಾಲು ಚಿಯೆನ್. ಔಷಧಿಯ ಚೀಟಿಗಳೆಲ್ಲ ಚಿಯೆನ್ನಿನಲ್ಲೇ ಬರೆದಿರುತ್ತವೆ. ಇಲ್ಲಿಯವರೆಗೆ ಸುಲಭ. ತೊಡಕು ಶುರುವಾಗುವುದು ಇವನ್ನು ಗ್ರಾಮಿಗೆ ತಿರುಗಿಸುವಾಗ. ಅಡಿಲೇಡಿನ ವೈದ್ಯೆ ಚೀನಾದ ಒಳನಾಡಿನವರು. ಅವರ ಗುರುಗಳ ಪುಸ್ತಕದಲ್ಲಿ ಜಿನ್ ಎಂದರೆ ಐನೂರು ಗ್ರಾಂ, ಅಂದರೆ ಲಿಯಾಂಗಿಗೆ ಮೂವತ್ತೊಂದೂ ಕಾಲು. ಬ್ರಿಸ್ಬೇನಿನ ಅಂಗಡಿಯವರು ತೈವಾನಿನಿಂದ ಬಂದವರು. ಅವರ ಜಿನ್ ಆರುನೂರು ಗ್ರಾಂ, ಲಿಯಾಂಗ್ ಮೂವತ್ತೇಳೂವರೆ. ಪರ್ತ್ ಪಕ್ಕದ ಫ್ರೀಮ್ಯಾಂಟಲಿನ ಹಿರಿಯರು ಹಾಂಗ್‌ಕಾಂಗಿನವರು. ಅವರ ಲಿಯಾಂಗ್ ಇನ್ನೂ ಒಂದು ಕೂದಲೆಳೆ ಹೆಚ್ಚು, ಮೂವತ್ತೇಳು ಪಾಯಿಂಟ್ ಎಂಟು. ಇವೆಲ್ಲ ಸಾಲದೆಂಬಂತೆ ಇವತ್ತಿನ ಚೀನಾದ ತರಕಾರಿ ಮಾರುಕಟ್ಟೆಯಲ್ಲಿ ಜಿನ್ನಿಗೆ ಹತ್ತೇ ಲಿಯಾಂಗ್. ಅಲ್ಲಿ ಲಿಯಾಂಗ್ ಎಂದರೆ ದುಂಡಗೆ ಐವತ್ತು ಗ್ರಾಂ. ಈ ಐವತ್ತನ್ನು ತಂದು ಹಳೆಯ ಔಷಧಿ ಚೀಟಿಗೆ ಹಾಕಿದರೆ ಬಸ್ ಚಾಲಕರ ಕಾಲು ಊದುತ್ತದೆ.

ನನಗೆ ಇದರಲ್ಲಿ ಗೊಂದಲವೇ ಆಗಿರಲಿಲ್ಲ. ನನಗೆ ಮಾತು ಕಲಿಸಿದ್ದು ಮೈಸೂರಿನ ಅಜ್ಜಿ ಮತ್ತು ಅಜ್ಜಿಯ ಅಣ್ಣ. ಅವರಿಬ್ಬರೂ ತಮ್ಮ ಎಳವೆಯ ಗ್ರಂಧಿಗೆ ಅಂಗಡಿಯ ವಿಷಯ ಎತ್ತಿದರೆ ಸೇರಿನ ತಕರಾರು ಬಂದೇ ಬರುತ್ತಿತ್ತು. ನಮ್ಮ ಕಡೆಯ ಕಚ್ಚಾ ಸೇರಿಗೆ ಇಪ್ಪತ್ತನಾಲ್ಕು ತೊಲ. ರೈಲು ಹತ್ತಿ ಆಚೆ ಇಳಿದರೆ ಪಕ್ಕಾ ಸೇರಿಗೆ ಎಂಬತ್ತು. ಸೇರು ಎಂದು ಯಾರೇ ಬಾಯಿ ಬಿಡಲಿ, ಅಜ್ಜಿ "ಯಾವೂರ ಸೇರು?" ಎಂದು ಕೇಳದೆ ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ಹಾಗಾಗಿ ನಾನು ಮಾಡಿದ ಪಟ್ಟಿಯಲ್ಲಿ ಪ್ರತಿ ಚೀಟಿಯ ಮುಂದೆ ಅದು ಯಾವ ಅಂಗಡಿಯದು, ಆ ಅಂಗಡಿಯ ಲಿಯಾಂಗ್ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿದ್ದೆ. ಅದನ್ನು ಲೀಡ್‌ಗೆ ಮೇಲ್ ಮಾಡಿದಾಗ ಅವನು ನಕ್ಕಿದ್ದ. ಒಂದು ಯೂನಿಟ್ಟಿಗೆ ಮೂರು ವ್ಯಾಲ್ಯೂ ಹೇಗಿರುತ್ತದೆ, ಡೇಟಾ ಕ್ಲೀನ್ ಮಾಡಬೇಕು ಎಂದಿದ್ದ. ನಾನು ಸೇರಿನ ಕಥೆ ಹೇಳಿದೆ. "ಅಜ್ಜಿ ಕಥೆ ಚೆನ್ನಾಗಿದೆ ಅಕ್ಕ," ಎಂದು ಕಾಫಿ ಲೋಟ ಎತ್ತಿಕೊಂಡು ಹೋದ.

ಮೂರು ದಿನ ಬಿಟ್ಟು, ಒಂದು ಶುಕ್ರವಾರದ ಆರ್ವೊದಲ್ಲಿ, ಅಂದರೆ ಇಲ್ಲಿಯವರ ಮಾತಿನ ಮಧ್ಯಾಹ್ನದಲ್ಲಿ, ಅದೇ ಹೆಸರಿನ ಫೈಲು ಟೀಮಿನ ಫೋಲ್ಡರಿನ ಮೂಲಕ ನನಗೆ ವಾಪಸು ಬಂತು. ಫಾರ್ಮ್ಯಾಟ್ ಮಾತ್ರ ಸರಿ ಮಾಡಿದ್ದೇನೆ, ನೀವೇ ಅಪ್‌ಲೋಡ್ ಮಾಡಿಬಿಡಿ ಎಂದು ಬರೆದಿದ್ದ. ವಾರದ ಕೊನೆ, ಎಲ್ಲರೂ ಚೀಲ ಹೆಗಲಿಗೇರಿಸುತ್ತಿದ್ದ ಹೊತ್ತು. ನಾನು ತೆರೆದು ನೋಡದೆ ಏರಿಸಿಬಿಟ್ಟೆ. ಅಷ್ಟರ ಮಟ್ಟಿಗೆ ತಪ್ಪು ನನ್ನದೇ, ಅಲ್ಲಗಳೆಯುವುದಿಲ್ಲ. ಒಳಗೆ ಮೂರು ಲಿಯಾಂಗೂ ಹೋಗಿ ಎಲ್ಲ ಸಾಲಿನಲ್ಲೂ ಐವತ್ತು ಕೂತಿತ್ತು.

ಮ್ಯಾನೇಜರ್ ಹತ್ತಿರ ಹೋಗಿ ನನ್ನ ಹಳೆಯ ಮೇಲ್ ತೋರಿಸಿದೆ. ಇಲ್ಲಿಯದೇ ಹೆಂಗಸು, ನೇರ ಮಾತಿನವರು. ಮೇಲ್‌ನಲ್ಲಿ ಮೂರು ಅಳತೆ ಇರುವುದು ನಿಜ, ಆದರೆ ಆಮೇಲೆ ನೀನೇ ಬದಲಿಸಿರಬಹುದಲ್ಲ ಎಂದರು. ಎಲ್ಲರೂ ತಿದ್ದಬಹುದಾದ ಆ ಫೋಲ್ಡರಿನಲ್ಲಿ ಅವನು ಹೊಸ ಪ್ರತಿ ಮಾಡಿ ಉಳಿಸಿದ್ದರಿಂದ ಯಾರು ಯಾವ ಅಂಕಿ ತಿದ್ದಿದರು ಎಂಬ ಇತಿಹಾಸ ಫೈಲಿನಲ್ಲಿ ಇರಲಿಲ್ಲ. ಬೀಜಿಂಗಿನಲ್ಲಿ ಬೆಳೆದ ಸಹೋದ್ಯೋಗಿಯೊಬ್ಬಳು ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಒಪ್ಪಿಕೊಂಡಳು: ಲಿಯಾಂಗ್ ಎಂದರೆ ಎಷ್ಟು ಎಂದು ಲೀಡ್ ಕೇಳಿದ್ದ, ತರಕಾರಿ ಕೊಳ್ಳುವವಳು ತಾನು, ಐವತ್ತು ಎಂದಿದ್ದೆ ಎಂದು. ಅದನ್ನು ಮ್ಯಾನೇಜರ್ ಮುಂದೆ ಹೇಳು ಎಂದರೆ ತನ್ನನ್ನು ಎಳೆಯಬೇಡ ಎಂದು ಕೈ ಮುಗಿದಳು.

ಕೊನೆಗೆ ಮ್ಯಾನೇಜರ್ ಒಂದು ಏರ್ಪಾಟು ಮಾಡಿದರು. ನಾನು ಮೂರು ಅಂಗಡಿಗಳಿಗೂ ಹೋಗಿ ಅವರವರ ಹಳೆಯ ತಕ್ಕಡಿಯಲ್ಲಿ ತೂಗಿ ಅಳತೆಗಳನ್ನು ಬರೆದು ತರಬೇಕು. ಪಟ್ಟಿಯನ್ನು ಲೀಡ್ ಸರಿಪಡಿಸಿ ತನ್ನ ಹೆಸರಿನಲ್ಲಿ ಏರಿಸಬೇಕು. ಎರಡನೆಯ ವಾರದ ಶುಕ್ರವಾರ ಫ್ರೀಮ್ಯಾಂಟಲಿನಲ್ಲಿ ಮೂರೂ ಅಂಗಡಿಗಳ ಪರವಾಗಿ ಅಲ್ಲಿಯ ಹಿರಿಯರು ಒಪ್ಪಿಗೆ ಹಾಕಬೇಕು. ಅದೇ ದಿನ ಅವಘಡದ ವರದಿಯನ್ನೂ ಮುಗಿಸುತ್ತಾರೆ. "ಈಗಿರುವ ಹಾಗೆ ಅದರಲ್ಲಿ ನಿನ್ನ ಹೆಸರಿದೆ," ಎಂದರು. ಆ ಹೆಸರು ಹಾಗೇ ಉಳಿದರೆ ಔಷಧಿ, ಆಸ್ಪತ್ರೆಯ ಕೆಲಸ ಯಾವುದೂ ನನ್ನ ಕೈಗೆ ಮತ್ತೆ ಬರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಹನ್ನೊಂದು ವರ್ಷದಿಂದ ಮಾಡುತ್ತಿದ್ದದ್ದು ಆ ಕೆಲಸವೊಂದನ್ನೇ.

ಮೊದಲು ಬ್ರಿಸ್ಬೇನಿನ ಅಂಗಡಿ, ಆಫೀಸಿನಿಂದ ಎರಡು ಬೀದಿ ಆಚೆ. ಔಷಧಿಯ ತಕ್ಕಡಿಗೆ ಎರಡು ತಟ್ಟೆ ಇರುವುದಿಲ್ಲ. ಗೇಣುದ್ದದ ಮೂಳೆಯ ಕೋಲು, ಒಂದು ತುದಿಗೆ ಅಂಗೈಯಗಲದ ಹಿತ್ತಾಳೆ ತಟ್ಟೆ, ಕೋಲಿನ ಮೇಲೆ ಸರಿಸುವ ದಾರದಲ್ಲಿ ಒಂದು ಸಣ್ಣ ಬಟ್ಟು. ಕೋಲಿನ ಉದ್ದಕ್ಕೂ ಎಳ್ಳಿನ ಕಾಳಿನಂಥ ಚುಕ್ಕೆಗಳು. ದಾರ ಯಾವ ಚುಕ್ಕೆಯ ಮೇಲೆ ನಿಂತಾಗ ಕೋಲು ಮಟ್ಟಸವಾಗುತ್ತದೋ ಅಷ್ಟು ಚಿಯೆನ್. ನನ್ನ ಬಳಿ ಡಿಜಿಟಲ್ ತಕ್ಕಡಿ, ಅದನ್ನು ಪರೀಕ್ಷಿಸಲು ನೂರು ಗ್ರಾಮಿನ ಪ್ರಮಾಣದ ಬಟ್ಟು ಇದ್ದವು. ಒಂದೊಂದು ಚುಕ್ಕೆಗೂ ಹತ್ತು ಸಲ ತೂಗಿ ಸರಾಸರಿ ಬರೆಯುವುದು ನನ್ನ ಕ್ರಮ.

ಮೊದಲ ದಿನದ ಅಂಕಿಗಳೆಲ್ಲ ಕೆಟ್ಟವು. ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೋಲೇ ಸುಳ್ಳು ಹೇಳುತ್ತಿದೆಯೇನೋ ಎಂದುಕೊಂಡು ಅರ್ಧ ದಿನ ಒದ್ದಾಡಿದೆ. ಅಂಗಡಿಯಾತ ನೋಡುತ್ತಾ ನಿಂತಿದ್ದವರು ಆಮೇಲೆ ನಕ್ಕು ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದನ್ನು ಎತ್ತಿ ಹಿಡಿಯಲು ಎರಡು ದಾರಗಳಿರುತ್ತವೆ, ಒಂದು ಭಾರದ ತೂಕಕ್ಕೆ, ಇನ್ನೊಂದು ಹಗುರಕ್ಕೆ. ನಾನು ಭಾರದ ದಾರ ಹಿಡಿದು ಹಗುರದ ಚುಕ್ಕೆ ಓದುತ್ತಿದ್ದೆ. ಎಲ್ಲ ಹೊಡೆದು ಹಾಕಿ ಮರುದಿನ ಮೊದಲಿನಿಂದ ತೂಗಿದೆ. ಚಿಯೆನ್ನಿಗೆ ಮೂರು ಪಾಯಿಂಟ್ ಏಳು ಐದು ಬಂತು, ನನ್ನ ಮೊದಲ ಪಟ್ಟಿಯಲ್ಲಿದ್ದ ಹಾಗೇ. ಆ ಅಂಕಿ ಬರೆಯುವಾಗ ಪೆನ್ನನ್ನು ಎಷ್ಟು ಒತ್ತಿದೆನೆಂದರೆ ಹಾಳೆಯ ಹಿಂಬದಿಯಲ್ಲೂ ಮೂಡಿತು.

ಅಡಿಲೇಡಿನಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಇಳಿದೆ. ಅವಳು ಆಸ್ಪತ್ರೆಯಲ್ಲಿ ಡಾಕ್ಟರು. ಮನೆ ಪ್ರಾಸ್ಪೆಕ್ಟ್ ಎಂಬ ಬಡಾವಣೆಯಲ್ಲಿ. ಬೆಳಿಗ್ಗೆ ಹುಳಿಗೆ ಹುಣಸೆ ಕಿವುಚುತ್ತಾ, ಅತಿಮಧುರ ಹೆಚ್ಚಾದರೆ ಒಳಗೆ ಏನಾಗುತ್ತದೆ ಎಂದು ವಿವರಿಸಿದಳು.

"ಪೊಟ್ಯಾಸಿಯಮ್ ಇಳಿದುಹೋಗತ್ತೆ ಕಣೇ. ನೀರು ನಿಲ್ಲತ್ತೆ, ಬಿಪಿ ಏರತ್ತೆ. ವಯಸ್ಸಾದೋರಿಗೆ ಹಾರ್ಟಿಗೇ ಹೊಡೆತ. ನಿಮ್ಮ ಡ್ರೈವರ್ ಅಂಕಲ್ ಪುಣ್ಯ, ಬೇಗ ನಿಲ್ಸಿದಾರೆ."

"ಅದನ್ನ ಮಾಡಿದ್ದು ನಾನು ಅಂತ ಬರೆದಿಟ್ಟಿದಾನೆ."

"ಗೊತ್ತು, ನಿನ್ನೆಯಿಂದ ಹದಿನೇಳನೇ ಸಲ ಹೇಳ್ತಿದೀಯ. ಮಾತ್ರೆ ಕೊಡ್ಲಾ, ನಿನ್ನ ಬಿಪಿಗೆ?"

ಅಂಗಡಿಯಲ್ಲಿ ತೂಗುತ್ತಿದ್ದ ಎರಡನೆಯ ದಿನ ಆ ಬಸ್ ಚಾಲಕರೇ ಬಂದರು. ಎತ್ತರದ ಆಳು, ಕೈಯಲ್ಲಿ ಮಡಚಿದ ಟೋಪಿ. ಊತ ಇಳಿದಿತ್ತು. ಮತ್ತೆ ಬೂಟಿನ ದಾರ ಕಟ್ಟಲು ಬರುತ್ತಿದೆ ಎಂದು ಕಾಲು ಚಾಚಿ ತೋರಿಸಿದರು. ವೈದ್ಯೆ ನನ್ನನ್ನು ಕಂಪ್ಯೂಟರಿನವರು ಎಂದು ಪರಿಚಯಿಸಿದಾಗ ಅವರು ನನ್ನ ಕಡೆ ತಿರುಗಿ, ಆ ಅಂಕಿ ನಿನ್ನದಾ ಎಂದರು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯಲಿಕ್ಕೆ ಕೇಳಿದ್ದು. ಕಾಗದದಲ್ಲಿ ನನ್ನ ಹೆಸರಿದೆ ಎಂದೆ. ಅವರು ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೊರಟುಹೋದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆ ತಲೆಯಾಡಿಸುವಿಕೆಯನ್ನು ನಾನು ಜೋಪಾನವಾಗಿ ಎತ್ತಿಟ್ಟುಕೊಂಡೆ, ಸಮಯ ಬಂದಾಗ ಲೀಡ್ ಮುಖಕ್ಕೆ ಹಿಡಿಯಲಿಕ್ಕೆ. ಆ ಅಂಗಡಿಯ ಕೋಲು ಚಿಯೆನ್ನಿಗೆ ಮೂರು ಪಾಯಿಂಟ್ ಒಂದು ಎರಡು ತೋರಿಸಿತು.

ಮಂಗಳವಾರ ಪರ್ತ್‌ನಲ್ಲಿ ಇಳಿದು ರೈಲಿನಲ್ಲಿ ಫ್ರೀಮ್ಯಾಂಟಲಿಗೆ ಹೋದೆ. ಬಂದರಿನ ಕ್ರೇನುಗಳು ಕಾಣುವ ಒಂದು ಅಡ್ಡಬೀದಿಯಲ್ಲಿ ಅಂಗಡಿ. ಗೋಡೆಯ ತುಂಬ ಮರದ ಖಾನೆಗಳು. ಹಿರಿಯರಿಗೆ ಎಂಬತ್ತರ ಹತ್ತಿರ. ಮಾತು ಕಡಿಮೆ. ವ್ಯವಹಾರವನ್ನೆಲ್ಲ ನೋಡಿಕೊಳ್ಳುವವರು ಮಗಳು. ನಾನು ಕೋಲನ್ನು ಹಗುರದ ದಾರದಿಂದ ಎತ್ತಿದ್ದು ನೋಡಿ ಹಿರಿಯರು ಹುಬ್ಬೇರಿಸಿದರು, ಒಂದು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ಆಮೇಲೆ ಅವರ ಖಾನೆಯ ಬೇರುಗಳನ್ನು ಒಂದೊಂದಾಗಿ ಮೂಸಿಸುತ್ತಾ ಹೆಸರು ಹೇಳಿಸಿದರು. ಅತಿಮಧುರ, ಶುಂಠಿ, ದಾಲ್ಚಿನ್ನಿ ತೊಗಟೆ. ಮೂರಕ್ಕೂ ನಾನು ಕನ್ನಡದ ಹೆಸರು ಹೇಳಿದೆ, ಅವರು ಕ್ಯಾಂಟನೀಸಿನದು ಹೇಳಿದರು. ಎಷ್ಟೋ ದಿನದ ಮೇಲೆ ಯಾರೋ ಹಿರಿಯರ ಪಕ್ಕ ಕೂತು ಕಲಿಯುತ್ತಿದ್ದೇನೆ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಅಂಕಿ ಸಿಕ್ಕಿತು. ಚಿಯೆನ್ನಿಗೆ ಮೂರು ಪಾಯಿಂಟ್ ಏಳು ಎಂಟು.

ಹೋಲಿಸಿ ನೋಡೋಣ ಎಂದು ಲ್ಯಾಪ್‌ಟಾಪ್ ತೆರೆದೆ. ಲೀಡ್ ಅವತ್ತು ಬೆಳಿಗ್ಗೆ ಸರಿಪಡಿಸಿದ ಪಟ್ಟಿಯನ್ನು ಏರಿಸಿದ್ದ. ಬುಧವಾರದಿಂದ ಮೂರೂ ಅಂಗಡಿಗಳಲ್ಲಿ ಅದು ಚಾಲ್ತಿಗೆ ಬರುತ್ತದೆ ಎಂದು ಪ್ರಕಟಣೆ ಬೇರೆ. ತೆರೆದು ನೋಡಿದೆ. ಐವತ್ತು ಹೋಗಿತ್ತು. ಅದರ ಜಾಗದಲ್ಲಿ ಮೂವತ್ತೊಂದೂ ಕಾಲು ಇತ್ತು, ಮೇಲಿನಿಂದ ಕೆಳಗಿನವರೆಗೂ, ಮೂರೂ ಅಂಗಡಿಗೂ ಅದೊಂದೇ. ಅಡಿಲೇಡಿನಲ್ಲಿ ತಪ್ಪಾಗಿದ್ದರಿಂದ ಅಡಿಲೇಡಿನ ಲಿಯಾಂಗ್ ಕೇಳಿ ತಿಳಿದುಕೊಂಡು ಎಲ್ಲರ ತಲೆಗೂ ಅದನ್ನೇ ಕಟ್ಟಿದ್ದ. ನಾನು ಕಳಿಸಿದ್ದ ಬ್ರಿಸ್ಬೇನಿನ ಅಳತೆಗಳನ್ನು ಅವನು ತೆರೆದೇ ಇರಲಿಲ್ಲ. ಏರಿಸಿದವರ ಹೆಸರಿನ ಜಾಗದಲ್ಲಿ ಅವನದೇ ಹೆಸರು.

ಎದ್ದು ಬೀದಿಗೆ ಬಂದು, ಒಂದು ಲಾಂಗ್ ಬ್ಲ್ಯಾಕ್ ತೆಗೆದುಕೊಂಡು ಬಿಸಿಲಲ್ಲಿ ನಿಂತೆ. ಅಷ್ಟು ರುಚಿಯಾದ ಕಾಫಿಯನ್ನು ನಾನು ಆಸ್ಟ್ರೇಲಿಯಾದಲ್ಲಿ ಕುಡಿದಿಲ್ಲ. ಎರಡು ದಾರಿ ಇದ್ದವು. ಈಗಲೇ ಮೇಲ್ ಮಾಡಿದರೆ ಅವನು ಹತ್ತು ನಿಮಿಷದಲ್ಲಿ ತಿದ್ದಿ, ಶುಕ್ರವಾರ ಹಿರಿಯರ ಕೈ ಕುಲುಕಿ, ವರದಿಯಲ್ಲಿ ನನ್ನ ಹೆಸರನ್ನು ಹಾಗೇ ಬಿಟ್ಟು ಬ್ರಿಸ್ಬೇನಿಗೆ ಹಾರುತ್ತಾನೆ. ಸುಮ್ಮನಿದ್ದರೆ ಶುಕ್ರವಾರ, ಎಲ್ಲರ ಮುಂದೆ, ಅವನ ಯಂತ್ರ ಒಂದು ಹೇಳುತ್ತದೆ, ಹಿರಿಯರ ಕೋಲು ಇನ್ನೊಂದು ಹೇಳುತ್ತದೆ. ಮೂರನ್ನು ಒಂದು ಮಾಡುವ ಚಟ ಯಾರದು ಎಂದು ಆಮೇಲೆ ಯಾರೂ ಕೇಳಬೇಕಾಗುವುದಿಲ್ಲ.

ಸುಮ್ಮನಿರುವುದೆಂದು ನಿರ್ಧರಿಸಿದೆ.

ಆದರೆ ಫ್ರೀಮ್ಯಾಂಟಲಿನ ರೋಗಿಗಳಿಗೆ ಔಷಧಿ ಆರನೆಯ ಒಂದು ಪಾಲು ಕಡಿಮೆ ಹೋಗುವುದು ನನಗೆ ಸಮ್ಮತವಿರಲಿಲ್ಲ. ಒಳಗೆ ಹೋಗಿ ಮಗಳಿಗೆ, ಯಂತ್ರದ ಅಳತೆ ಇನ್ನೂ ಪರೀಕ್ಷೆಯಲ್ಲಿದೆ, ಶುಕ್ರವಾರದವರೆಗೆ ನಿಮ್ಮ ಕೈಬರಹದ ಪುಸ್ತಕ ನೋಡಿಯೇ ಕಟ್ಟಿ ಎಂದೆ. ಮಾತಿನಲ್ಲಿ ಹೇಳಿದ್ದು ಮರೆತಾರೆಂದು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿಯೂ ಕೊಟ್ಟೆ. ಅವರು ಅದನ್ನು ಗಲ್ಲಾದ ಮೇಲೆ ಅಂಟಿಸಿದರು. ನನ್ನ ಆತ್ಮಸಾಕ್ಷಿಗೆ ಅಷ್ಟರಲ್ಲಿ ಸಮಾಧಾನವಾಯಿತು. ಬುಧವಾರ, ಗುರುವಾರ ಎರಡು ದಿನವೂ ಮೂರು ಕೋಲುಗಳ ಅಳತೆಗಳನ್ನು ಒಂದೇ ಹಾಳೆಗೆ ಇಳಿಸುತ್ತಾ ಕೂತೆ. ಶುಕ್ರವಾರ ಅವನ ಮುಖ ಹೇಗೆ ಹೇಗೆ ಆಗಬಹುದು ಎಂದು ಮನಸ್ಸಿನಲ್ಲೇ ನಾನಾ ಬಗೆಯಲ್ಲಿ ನೋಡಿಕೊಂಡು ಖುಷಿಪಟ್ಟೆ.

ಶುಕ್ರವಾರ ಹನ್ನೊಂದು ಗಂಟೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮ್ಯಾನೇಜರ್, ಲೀಡ್, ಹಿರಿಯರು, ಅವರ ಮಗಳು, ನಾನು. ಅಡಿಲೇಡಿನ ವೈದ್ಯೆ ಪರದೆಯ ಮೇಲೆ. ಲೀಡ್ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದ. ನನ್ನ ಪಕ್ಕ ಕೂರುವಾಗ, ಅಳತೆ ಎಲ್ಲ ಚೆನ್ನಾಗಿ ಬಂತಾ ಅಕ್ಕ ಎಂದು ಕೇಳಿದ. ಬಹಳ ಚೆನ್ನಾಗಿ ಬಂತು ಎಂದೆ.

ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂದು ಅವನು ಕಾಲು ಗಂಟೆ ವಿವರಿಸಿದ. ಹಿರಿಯರು ಕೇಳಿಸಿಕೊಂಡರು. ಆಮೇಲೆ ಅತಿಮಧುರ ಎರಡು ಚಿಯೆನ್ ಎಂದರು. ಅವನು ಒತ್ತಿದ. ಲೇಬಲ್ಲಿನಲ್ಲಿ ಆರೂ ಕಾಲು ಗ್ರಾಂ ಎಂದು ಬಂತು. ಹಿರಿಯರು ಖಾನೆಯಿಂದ ಬೇರು ತೆಗೆದು, ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ದಾರವನ್ನು ಎರಡರ ಚುಕ್ಕೆಗೆ ಸರಿಸಿ, ಮಟ್ಟಸ ಮಾಡಿ, ತಟ್ಟೆಯಲ್ಲಿದ್ದುದನ್ನು ನನ್ನ ಡಿಜಿಟಲ್ ತಕ್ಕಡಿಗೆ ಸುರಿದರು. ಏಳೂವರೆಗಿಂತ ಸ್ವಲ್ಪ ಹೆಚ್ಚು.

ಲೀಡ್ ನಕ್ಕ. ಹಳೆಯ ತಕ್ಕಡಿಗಳಲ್ಲಿ ಅಷ್ಟಿಷ್ಟು ವ್ಯತ್ಯಾಸ ಇರುತ್ತದೆ ಎಂದ.

ನಾನು ಹಾಳೆಯನ್ನು ಮೇಜಿನ ನಡುವೆ ಇಟ್ಟೆ. ಮೂರು ಕೋಲು, ಪ್ರತಿ ಚುಕ್ಕೆಗೆ ಹತ್ತು ತೂಕ, ಸರಾಸರಿ. ಅದರ ಪಕ್ಕ ನನ್ನ ಹಳೆಯ ಮೇಲ್‌ನ ಪ್ರತಿ. ಎರಡರಲ್ಲೂ ಅವೇ ಮೂರು ಅಳತೆಗಳು. ಮ್ಯಾನೇಜರ್ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಈಗಿನ ಪಟ್ಟಿ ಏರಿಸಿದವರ ಹೆಸರನ್ನು ಗಟ್ಟಿಯಾಗಿ ಓದಿದರು. ಲೀಡ್‌ನ ಕಿವಿಗಳು ಮೊದಲು ಕೆಂಪಾದವು. ನಾನು ಬಗೆಬಗೆಯಾಗಿ ಕಲ್ಪಿಸಿಕೊಂಡಿದ್ದರಲ್ಲಿ ಕಿವಿ ಇರಲಿಲ್ಲ.

ಅವನು ನನ್ನ ಕಡೆ ತಿರುಗಿದ. ಅವನಿಗೆ ಮಾತ್ರ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿದೆ, "ಈ ಸಲ ಅಪ್‌ಲೋಡ್ ಮಾಡಿದ್ದು ಅಕ್ಕ ಅಲ್ಲಪ್ಪ."

ಬಸ್ ಚಾಲಕರ ವಿಷಯವನ್ನೂ ಹೇಳಿದೆ. ಬೂಟಿನ ದಾರ, ಅವರು ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ. ಪರದೆಯ ಮೇಲೆ ವೈದ್ಯೆ ಹೌದೆಂದು ತಲೆಯಾಡಿಸಿದರು. ಮ್ಯಾನೇಜರ್ ಅಲ್ಲೇ ವರದಿ ತೆರೆದು ಒಂದು ಹೆಸರು ಅಳಿಸಿ ಇನ್ನೊಂದು ಬರೆದರು. ಆ ಕೀಲಿಗಳ ಸದ್ದನ್ನು ನಾನು ಒಂದೊಂದಾಗಿ ಎಣಿಸಿದೆ. ಲೀಡ್ ಸಾರಿ ಎಂದ, ಮೇಜಿಗೆ ಹೇಳಿದ ಹಾಗೆ. ಹದಿನಾರಾಣೆ ತೃಪ್ತಿ ಎಂದರೆ ಏನೆಂದು ಆ ಎರಡು ನಿಮಿಷ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಹಿರಿಯರ ಮಗಳು ಎದ್ದು ಹೋಗಿ ಗಲ್ಲಾದ ಮೇಲಿದ್ದ ನನ್ನ ಹಾಳೆಯನ್ನು ಕಿತ್ತು ತಂದರು. ನನ್ನ ಪರವಾಗಿಯೇ ತಂದದ್ದು. ಇವರು ಮೊದಲೇ ಎಚ್ಚರಿಸಿದ್ದರು, ಇದರಿಂದ ನಮ್ಮಲ್ಲಿ ಒಬ್ಬರಿಗೂ ತೊಂದರೆಯಾಗಲಿಲ್ಲ ಎಂದು ತಂದೆಗೆ ತೋರಿಸಿದರು. ಹಿರಿಯರು ಕನ್ನಡಕ ಏರಿಸಿ ದಿನಾಂಕ ಓದಿದರು.

"ಮಂಗಳವಾರವೇ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದರು.

ಗೊತ್ತಿತ್ತು ಎಂದೆ.

"ಇವನಿಗೆ ಹೇಳಲಿಲ್ಲ."

ಇಲ್ಲ ಎಂದೆ.

"ಬ್ರಿಸ್ಬೇನಿಗೆ?"

ಬ್ರಿಸ್ಬೇನಿನ ಲಿಯಾಂಗ್ ಮೂವತ್ತೇಳೂವರೆ. ಕೋಲಿನ ದಾರ ಬದಲಿಸಿ ನನಗೆ ತೂಗುವುದನ್ನು ಹೇಳಿಕೊಟ್ಟವರ ಅಂಗಡಿ. ಬುಧವಾರ ಬೆಳಿಗ್ಗೆಯಿಂದ ಅಲ್ಲಿ ಮೂವತ್ತೊಂದೂ ಕಾಲಿನ ಲೆಕ್ಕದಲ್ಲಿ ಪೊಟ್ಟಣ ಕಟ್ಟುತ್ತಿದ್ದರು, ಮೂರನೆಯ ದಿನ. ಅವರಿಗೆ ನಾನು ಹಾಳೆ ಬರೆದು ಕಳಿಸಿರಲಿಲ್ಲ. ಫೋನೂ ಮಾಡಿರಲಿಲ್ಲ. ಮರೆತೆನೋ, ಅಲ್ಲಿ ಹೇಳಿದರೆ ಎರಡು ಬೀದಿ ಆಚೆಯ ನಮ್ಮ ಆಫೀಸಿಗೆ ಸುದ್ದಿ ಮುಟ್ಟೀತೆಂದು ಮನಸ್ಸೇ ಅತ್ತ ಹೋಗದ ಹಾಗೆ ನೋಡಿಕೊಂಡೆನೋ, ಇವತ್ತಿಗೂ ನನಗೆ ಖಚಿತವಿಲ್ಲ. ಮರೆತೆ ಎಂದು ಹೇಳಿದೆ.

ಹಿರಿಯರು ಹಾಳೆಯನ್ನು ಎರಡಾಗಿ ಮಡಚಿ ಮಗಳ ಕೈಗೆ ಕೊಟ್ಟು, ಮ್ಯಾನೇಜರ್ ಕಡೆ ತಿರುಗಿದರು. ಕೆಲಸ ನಿಮ್ಮಲ್ಲೇ ಮುಂದುವರಿಯಲಿ ಎಂದರು. ಹೊಸ ಪಟ್ಟಿಯನ್ನು ಈ ಹುಡುಗನೇ ಮಾಡಲಿ, ಇವತ್ತಿನಿಂದಲೇ ಇಲ್ಲಿ ಕೂತು ತೂಗಲಿ ಎಂದರು. ಮ್ಯಾನೇಜರ್ ನನ್ನ ಕಡೆ ಕೈ ತೋರಿಸಿ, ಅಳತೆಗಳೆಲ್ಲ ಇವಳು ಮಾಡಿದ್ದು, ಸರಿಯಾಗಿಯೇ ಇವೆ ಎಂದರು.

"ಗೊತ್ತಿಲ್ಲದವನಿಗೆ ನಾನು ಕಲಿಸಬಲ್ಲೆ," ಎಂದರು ಹಿರಿಯರು. "ಗೊತ್ತಿದ್ದವಳಿಗೆ ಏನು ಮಾಡಲಿ?"

ಅವರು ಅದನ್ನು ಕಹಿಯಾಗಿ ಹೇಳಲಿಲ್ಲ. ನಿಜವಾಗಿಯೂ ಉತ್ತರ ಗೊತ್ತಿಲ್ಲದವರ ಹಾಗೆ ಹೇಳಿದರು. ಆಮೇಲೆ ಸ್ಟೂಲನ್ನು ಕಾಲಿನಿಂದ ಲೀಡ್ ಕಡೆ ತಳ್ಳಿದರು. ಅವನು ಕೂತ. ಕೋಲನ್ನು ಭಾರದ ದಾರದಿಂದ ಎತ್ತಿದ. ಹಿರಿಯರು ಅವನ ಬೆರಳುಗಳನ್ನು ಹಿಡಿದು ಇನ್ನೊಂದು ದಾರಕ್ಕೆ ಸರಿಸಿದರು.

ನಾನು ಬೀದಿಗೆ ಬಂದು ಬ್ರಿಸ್ಬೇನಿಗೆ ಫೋನು ಮಾಡಿದೆ. ಅಂಗಡಿಯಾತ ಎಲ್ಲ ಕೇಳಿಸಿಕೊಂಡರು. ಮೂರು ದಿನದಲ್ಲಿ ಹೋದ ಪೊಟ್ಟಣಗಳ ಪಟ್ಟಿ ತೆಗೆದು ಒಂದೊಂದೇ ಹೆಸರು ಓದಿದರು, ನಾನು ಬರೆದುಕೊಂಡೆ. ಇಪ್ಪತ್ತಮೂರು ಹೆಸರು. ಕಡಿಮೆಯಾದ್ದರಿಂದ ಅಪಾಯವೇನಿಲ್ಲ, ಆದರೆ ಕೆಮ್ಮು ಕೆಮ್ಮಾಗಿಯೇ ಉಳಿದಿರುತ್ತದೆ ಎಂದರು. ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದು ಒಬ್ಬೊಬ್ಬರಿಗೂ ನಾನೇ ಫೋನು ಮಾಡಿ ಹೇಳುತ್ತೇನೆ ಎಂದೆ. ಒಂಬತ್ತಕ್ಕೆ ಬಾ ಎಂದು ಫೋನಿಟ್ಟರು.

ಪರ್ತ್ ಕಡೆಯ ರೈಲು ಹತ್ತಿ ಕಿಟಕಿ ಪಕ್ಕ ಕೂತೆ. ಗೆದ್ದಿದ್ದೆ. ವರದಿಯಲ್ಲಿ ನನ್ನ ಹೆಸರಿರಲಿಲ್ಲ, ಔಷಧಿಯ ಕೆಲಸ ಮುಂದೆಯೂ ನನಗೆ ಸಿಗುತ್ತದೆ. ಇದೊಂದು ಕೆಲಸವನ್ನು, ನಾನು ಅತ್ಯಂತ ಇಷ್ಟಪಟ್ಟು ಮಾಡಿದ್ದನ್ನು, ನಾನು ಉರುಳಿಸಿದವನ ಕೈಗೆ ಕೊಟ್ಟು ಬಂದಿದ್ದೆ. ಮತ್ತೆ ಆ ಮಂಗಳವಾರಕ್ಕೆ ಹೋದರೆ ಬ್ರಿಸ್ಬೇನಿಗೂ ಒಂದು ಹಾಳೆ ಬರೆಯುತ್ತೇನೆ. ಅವನಿಗೆ ಮಾತ್ರ ಹೇಳುವುದಿಲ್ಲ. ಇದನ್ನು ಬರೆಯುವಾಗಲೂ ನನ್ನ ಮನಸ್ಸು ಅಷ್ಟೇ ಬದಲಾಗಿದೆ.

ನಾರ್ತ್ ಫ್ರೀಮ್ಯಾಂಟಲ್ ದಾಟುವಾಗ ಫೋನು ಮಿಣುಕಿತು. ಲೀಡ್ ಬರೆದಿದ್ದ: "ಅಕ್ಕ, ಇಲ್ಲಿಯ ಲಿಯಾಂಗ್ 37.799 ಅಂತ ಒಂದ್ ಕಡೆ ಇದೆ. 37.8 ಅಂತ ಹಾಕಿದ್ರೆ ಸಾಕಾ? ಅಂಕಲ್ ನಿಮ್ಮನ್ನ ಕೇಳು ಅಂದ್ರು."

ಉತ್ತರ ಒಂದೇ ಪದ. ಬೆರಳು ಆಗಲೇ ಫೋನಿನ ಮೇಲಿತ್ತು. ನಾನು ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಹೊರಗೆ ಸಮುದ್ರ ನೋಡಿದೆ. ಒಂದು ಸ್ಟೇಷನ್ ಹೋಯಿತು, ಇನ್ನೊಂದು ಹೋಯಿತು. ಕಾಟೆಸ್ಲೋ ದಾಟಿದ ಮೇಲೆ, ಇಷ್ಟು ಕಾಯಿಸಿದ್ದು ಸಾಕೆನ್ನಿಸಿ, ಸಾಕು ಎಂದು ಬರೆದು ಕಳಿಸಿದೆ.